ಎರಡನೇ ಮೆಟ್ಟಿಲಿನ ಊರು

ಪ್ಲಾತನೋವ್ರಿಸಿ
ನವೆಂಬರ್ 12, ಭಾನುವಾರ

ಬೀಗಿತ್ತಿ ಅರ್ಗಿರೋ ಅವರಿಗೆ, ಇದೇ ಬೀದಿಯ ಕೆಳಗಿನ ತುದಿಯಿಂದ ಪೊಲಿಕ್ಸೇನಿ ಮಾಡುವ ನಮಸ್ಕಾರಗಳು.

ಹರಿದು ಹಾಕಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಒಲೆಗೆ ಹಾಕಿ. ನಿಮ್ಮ ಒಲೆ ಹೇಗೂ ದಿನವಿಡೀ ಉರಿಯುತ್ತಲೇ ಇರುತ್ತದಲ್ಲ! ಇವತ್ತು ಬೆಳಿಗ್ಗೆ ಚರ್ಚಿನಲ್ಲಿ ನೀವು ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ನಾನೂ ತಿರುಗಲಿಲ್ಲ. ನಾನು ತಿರುಗದೆ, ನೀವು ತಿರುಗಲಿಲ್ಲವೆಂದು ನನಗೆ ಹೇಗೆ ಗೊತ್ತಾಯಿತು ಎಂದು ಮಾತ್ರ ಕೇಳಬೇಡಿ. ಪಾದ್ರಿಗಳು ಧೂಪ ಹಿಡಿದು ನಮ್ಮಿಬ್ಬರ ನಡುವೆ ಹಾದುಹೋದಾಗ ಆ ಹೊಗೆಯೂ ಯಾರ ಕಡೆ ಹೋಗಲಿ ಎಂದು ತಿಳಿಯದೆ ಅಲ್ಲೇ ನಿಂತುಬಿಟ್ಟಿತ್ತು.

ಒಂದೇ ಬೀದಿಯಲ್ಲಿದ್ದುಕೊಂಡು ಕಾಗದವೇಕೆ ಅನ್ನುತ್ತೀರಿ. ನನ್ನ ಗಂಟಲು ನಿಮಗೆ ಗೊತ್ತೇ ಇದೆ. ನಮ್ಮಪ್ಪ ಊರೂರು ತಿರುಗುವ ನಾಟಕ ಮಂಡಳಿಯಲ್ಲಿ ರಾಜನ ಪಾರ್ಟು ಕಟ್ಟುತ್ತಿದ್ದವನು. ಮೈಕಿಲ್ಲದ ಕಾಲದಲ್ಲಿ ಕೊನೆಯ ಬೆಂಚಿನವನ ಎದೆಗೂ ಮಾತು ಮುಟ್ಟಿಸಿದವನು. ಅವನು ನನಗೆ ಬಿಟ್ಟುಹೋದ ಆಸ್ತಿ ಆ ಗಂಟಲೊಂದೇ. ನಾನು ನಿಮ್ಮ ಬಾಗಿಲಿಗೆ ಬಂದು ರಾಜಿಯಾಗೋಣ ಎಂದರೂ ಚೌಕದಲ್ಲಿ ಕಾಫಿ ಕುಡಿಯುವವರೆಲ್ಲ ಯುದ್ಧ ಶುರುವಾಯಿತೆಂದು ಕುರ್ಚಿ ತಿರುಗಿಸಿ ಕೂರುತ್ತಾರೆ. ಅದಕ್ಕೇ ಕಾಗದ. ನನ್ನ ಅಳಿಯ, ಅಂದರೆ ನಿಮ್ಮ ಮಗ ಥೆಮಿಸ್, ತಂದುಕೊಡುತ್ತಾನೆ. ಅವನ ಮುಂದೆ ಓದಬೇಡಿ. ಅವನು ಈಗಾಗಲೇ ಎರಡೂ ಕಡೆ ಸಾಕಷ್ಟು ಕೇಳಿಸಿಕೊಂಡಿದ್ದಾನೆ.

ವಿಷಯ ನಿಮಗೂ ಗೊತ್ತಿರುವುದೇ. ಶುಕ್ರವಾರದೊಳಗೆ ನಾವಿಬ್ಬರೂ ಒಂದು ತೀರ್ಮಾನಕ್ಕೆ ಬರದಿದ್ದರೆ ನನ್ನ ಮಗಳು ಸ್ಮರಾಗ್ದಾ ಮಗುವನ್ನು ಸಂಜೆಯವರೆಗೆ ಶಾಲೆಯಲ್ಲೇ ಬಿಡುತ್ತಾಳೆ. ಊಟ ಅಲ್ಲೇ, ಪಾಠ ಅಲ್ಲೇ, ಆಟವೂ ಅಲ್ಲೇ. ಒಂಬತ್ತು ವರ್ಷದ ನಮ್ಮ ರೂಲ ಮಧ್ಯಾಹ್ನ ನಿಮ್ಮ ಮೆಟ್ಟಿಲನ್ನೂ ಹತ್ತುವುದಿಲ್ಲ, ನನ್ನ ಮೆಟ್ಟಿಲನ್ನೂ ಹತ್ತುವುದಿಲ್ಲ. ನನಗೆ ಆ ಮಗುವಿನ ಹೆಜ್ಜೆ ಸಪ್ಪಳ ಬಿಟ್ಟರೆ ಮಧ್ಯಾಹ್ನವೇ ಇಲ್ಲ. ನಿಮಗೂ ಅಷ್ಟೇ ಎಂದು ಬರೆಯಲು ನನ್ನ ಪೆನ್ನು ಒಪ್ಪುತ್ತಿಲ್ಲ, ಆದರೂ ಬರೆದೆ.

ಈಗ ಕೇಳಿ. ಮೊದಲಿಂದ ಹೇಳುತ್ತೇನೆ, ಯಾಕೆಂದರೆ ನಡುವಿನಿಂದ ಹೇಳಿದರೆ ನನ್ನ ತಪ್ಪು ಮಾತ್ರ ಕಾಣುತ್ತದೆ.

ಹೆತ್ತವಳು ನನ್ನ ಮಗಳು. ಹದಿನೆಂಟು ಗಂಟೆ ನೋವು ತಿಂದವಳು ನನ್ನ ಮಗಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಮಂಡಿಯೂರಿದವಳು ನಾನು. ದೀಕ್ಷಾಸ್ನಾನದ ದಿನ ಪಾದ್ರಿಗಳು ಹೆಸರು ಕೇಳಿದಾಗ ಮಗುವನ್ನು ಎತ್ತಿಕೊಂಡಿದ್ದ ಧರ್ಮಪಿತ ಎದೆಯುಬ್ಬಿಸಿ ಕೂಗಿದ್ದು ಯಾವ ಹೆಸರು? ಅರ್ಗಿರೋ! ಚರ್ಚಿನ ಗುಮ್ಮಟದಲ್ಲಿ ಅದು ಸುತ್ತು ಹಾಕಿ ಮತ್ತೆ ನನ್ನ ತಲೆಯ ಮೇಲೇ ಬಿತ್ತು. ಮೊದಲ ಹೆಣ್ಣುಮಗುವಿಗೆ ಗಂಡನ ತಾಯಿಯ ಹೆಸರು, ಇದು ನಮ್ಮ ಕಡೆಯ ಪದ್ಧತಿ. ಪದ್ಧತಿ ಎಂದು ನಾನೂ ಚಪ್ಪಾಳೆ ತಟ್ಟಿದೆ. ನೀವು ಕಣ್ಣೊರೆಸಿಕೊಂಡಿರಿ. ನಾನೂ ಒರೆಸಿಕೊಂಡೆ. ಜನ ಎರಡನ್ನೂ ಒಂದೇ ಎಂದುಕೊಂಡರು.

ಅಂದಿನಿಂದ ನನ್ನ ಮೊಮ್ಮಗಳನ್ನು ಕೂಗುವುದೆಂದರೆ ನಿಮ್ಮ ಹೆಸರು ಕೂಗುವುದು! ಅದಕ್ಕೇ ನಾನು ಅದರ ಮುದ್ದಿನ ರೂಪದ ಬಾಲವನ್ನಷ್ಟೇ ಹಿಡಿದು ರೂಲ ಎಂದು ಚಿಕ್ಕದು ಮಾಡಿದೆ. ನೀವು ಮಾತ್ರ ಇವತ್ತಿಗೂ ಬಾಲ್ಕನಿಯಿಂದ 'ಅರ್ಗಿರೋ, ನನ್ನ ಅರ್ಗಿರೋ' ಎಂದು ಪೂರ್ತಿ ಹೆಸರು ಹಿಡಿದು ಕೂಗುತ್ತೀರಿ. ನಾನು ಬೀದಿಯಲ್ಲಿ ಹೋಗುವಾಗ ಇನ್ನೂ ಸ್ವಲ್ಪ ಗಟ್ಟಿಯಾಗಿ. ಇಲ್ಲವೆನ್ನಬೇಡಿ.

ಈ ತಿಂಗಳ ಒಂದನೇ ತಾರೀಕು ನಿಮ್ಮ ಹೆಸರಿನ ಸಂತರ ಹಬ್ಬ ಬಂತು. ಅಜ್ಜಿಗೂ ಮೊಮ್ಮಗಳಿಗೂ ಒಂದೇ ಹಬ್ಬ, ಒಂದೇ ಮನೆ, ಒಂದೇ ಸೋಫಾ. ಊರಿಗೆ ಊರೇ ಸಿಹಿಯ ಪೆಟ್ಟಿಗೆ ಹಿಡಿದು ನಿಮ್ಮ ಮನೆಗೆ ಬಂತು. ನನ್ನ ಸ್ವಂತ ಮೊಮ್ಮಗಳ ಹಬ್ಬಕ್ಕೆ ನಾನು ಅತಿಥಿ! ಹಾಲು ರವೆಯ ಸಿಹಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೀವು ತಟ್ಟೆ ಇಸಿದುಕೊಂಡು, 'ಅಯ್ಯೋ, ನಿಮಗ್ಯಾಕೆ ತೊಂದ್ರೆ, ನಮ್ಮಲ್ಲಿ ಬೇಕಾದಷ್ಟಿದೆ' ಅಂದಿರಿ. ಬೇಕಾದಷ್ಟಿದೆ! ನನ್ನ ಸಿಹಿಯನ್ನು ಒಯ್ದು ಫ್ರಿಜ್ಜಿನ ಮೇಲಿಟ್ಟಿರಿ, ಔಷಧಿ ಡಬ್ಬಿಯ ಪಕ್ಕದಲ್ಲಿ. ಮಗು ಅದನ್ನು ನೋಡಿತು. ನಿಮ್ಮ ಬಾದಾಮಿ ಬಿಸ್ಕತ್ತು ತಿಂದು ಮುಗಿಸಿ ಎದ್ದುಹೋಗಿ, ಫ್ರಿಜ್ಜಿನ ಮೇಲಿಂದ ನನ್ನದನ್ನೂ ಇಳಿಸಿ, ನನ್ನ ಎದುರಿಗೆ ನಿಂತುಕೊಂಡು ತಿಂದಿತು. ಅವತ್ತು ನನಗೆ ಎಷ್ಟು ಸಂತೋಷವಾಯಿತೆಂದರೆ, ಬೀಗಿತ್ತಿಯವರೇ, ನಾನು ನಿಮ್ಮ ಕಡೆ ತಿರುಗಿ ನಕ್ಕೆ. ಆ ನಗು ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಇಷ್ಟರಲ್ಲಿ ಆ ಮಿರ್ತೊ ಬಂದಿದ್ದಳು. ಕತ್ತರಿಸಿದ ಕೂದಲು, ಬೆನ್ನಿಗೊಂದು ಚೀಲ, ಕೈಯಲ್ಲಿ ಮಾತು ಹಿಡಿಯುವ ಯಂತ್ರ. ನಗರದ ವಿಶ್ವವಿದ್ಯಾಲಯದವಳು. ಮಕ್ಕಳು ಮಿತಿಮೀರಿ ದಪ್ಪಗಾಗುವುದನ್ನು ತಡೆಯಲು ಒಂದೊಂದು ಊರೂ ಎಷ್ಟು ತಯಾರಾಗಿದೆ ಎಂದು ಅಳೆಯಲು ಬಂದವಳು. ಮಕ್ಕಳನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ಒಂದು ಮಗುವನ್ನೂ ಮುಟ್ಟಲಿಲ್ಲ. ಊರನ್ನು ಬಲ್ಲ ಕೆಲವರನ್ನು ಕೂರಿಸಿಕೊಂಡು ಮಾತಾಡಿಸುತ್ತಾಳಂತೆ. ಅವರ ಮಾತಿನಿಂದ ಊರಿಗೆ ಒಂದು ಮೆಟ್ಟಿಲು ಕೊಡುತ್ತಾಳಂತೆ. ಕೆಳಗಿನ ಮೆಟ್ಟಿಲಲ್ಲಿರುವ ಊರಿಗೆ ತೊಂದರೆ ಇದೆಯೆಂಬುದೇ ತಿಳಿದಿಲ್ಲ. ಒಂಬತ್ತನೆಯದರಲ್ಲಿರುವ ಊರು ಕೈ ಕೈ ಹಿಡಿದು ಕೆಲಸ ನಡೆಸಿದೆ. ಹೆಡ್‌ಮಾಸ್ತರರು, ಡಾಕ್ಟರು, ಪಾದ್ರಿಗಳು, ಪುರಸಭೆಯವರೊಬ್ಬರು, ಬೇಕರಿಯ ಸ್ತಾಥಿಸ್, ಇವರೆಲ್ಲ ಆಯಿತು. ಕೊನೆಗೆ ಊರಿನ ಅಜ್ಜಿಯರ ಪರವಾಗಿ ಒಬ್ಬಳು ಬೇಕಾಯಿತು.

ಒಬ್ಬಳು! ಇಡೀ ಪ್ಲಾತನೋವ್ರಿಸಿಯಲ್ಲಿ ಒಬ್ಬಳು ಅಜ್ಜಿ!

ನನಗೆ ವಿಷಯ ತಿಳಿದದ್ದು ಸ್ತಾಥಿಸ್‌ನಿಂದ. ಬ್ರೆಡ್ ಕೊಡುತ್ತಾ ಮೀಸೆಯೊಳಗೇ ನಕ್ಕ. 'ಏನ್ ಪೊಲಿಕ್ಸೇನಮ್ಮಾ, ನಿಮ್ಮ ಬೀಗಿತ್ತಿ ಈಗ ವಿಶ್ವವಿದ್ಯಾಲಯಕ್ಕೇ ಬೇಕಾಗ್ಬಿಟ್ರು! ನಿನ್ನೆ ಎರಡು ಗಂಟೆ ಮಾತಾಡಿದ್ರಂತೆ, ಆ ಹುಡುಗಿ ಬರ್ಕೊಂಡೂ ಬರ್ಕೊಂಡೂ ಸುಸ್ತಾದ್ಲಂತೆ. ನಿಮ್ಮನ್ನ ಕೇಳ್ಲಿಲ್ವಾ?' ನಾನು, 'ನನ್ನನ್ನ ಕೇಳಿದ್ರು, ನಾನೇ ಟೈಮಿಲ್ಲ ಅಂದೆ' ಎಂದೆ. 'ಹೌದ್ಹೌದು, ನಿಮಗೆಲ್ಲಿ ಟೈಮು' ಅಂದ ಆ ಖದೀಮ. ಚಿಲ್ಲರೆಯನ್ನೂ ಬಿಟ್ಟು ಹೊರಗೆ ಬಂದೆ.

ಮಹಿಳಾ ಸಂಘದ ಅಧ್ಯಕ್ಷೆ ಎಂದು ನಿಮ್ಮನ್ನು ಆರಿಸಿದ್ದಂತೆ. ಇರಲಿ. ನಾನು ಸುಮ್ಮನೆ ಬಿಡುವವಳೇ? ಮಾರನೇ ದಿನ ಬಸ್ ನಿಲ್ದಾಣದಲ್ಲಿ ಮಿರ್ತೊಳನ್ನು ಹಿಡಿದೆ. ತೋಳು ಹಿಡಿದೆ ಎಂದೇ ಹೇಳುತ್ತೇನೆ. 'ಮಗಳೇ, ಎಲುಬು ಕಾಣ್ತಿದೆ, ನಿಮ್ಮಮ್ಮ ನಿನಗೆ ಏನೂ ಹಾಕಲ್ವಾ? ಬಾ ಮನೆಗೆ' ಅಂದೆ. ಅವಳು, 'ಅಮ್ಮಾ, ನಾನು ಸೇಬು ತಂದಿದೀನಿ' ಅಂದಳು. ಸೇಬಂತೆ! ನನ್ನ ಮೇಜಿನ ಮುಂದೆ ಕೂರಿಸಿದೆ. ಮಾಂಸದುಂಡೆ, ಕರಿದ ಆಲೂಗಡ್ಡೆ, ಒಲೆಯಲ್ಲಿ ಬೇಯಿಸಿದ ಮಕರೋನಿ, ಒಂದು ಅಂಗೈ ಅಗಲದ ಚೀಸ್, ಅದರ ಮೇಲೆ ನಮ್ಮ ತೋಟದ ಎಣ್ಣೆ. ಪಾಪ, ಆ ಹುಡುಗಿ ಬೆಲ್ಟು ಸಡಿಲಿಸಿಕೊಂಡೇ ಪ್ರಶ್ನೆ ಕೇಳಿದಳು. ನಿಮ್ಮೂರಲ್ಲಿ ಮಕ್ಕಳ ತೂಕದ ಬಗ್ಗೆ ಜನ ಏನಂತಾರೆ ಎಂದಳು. ನಾನು ಎದೆ ತಟ್ಟಿ ಹೇಳಿದೆ: ಮಗು ತುಂಬಿದ ಕೆನ್ನೆಯಲ್ಲಿ ಬಂದರೆ ನಾವು ಗಲ್ಲ ಹಿಂಡಿ, ದೃಷ್ಟಿ ತಾಗದಿರಲೆಂದು ಮೂರು ಸಲ ಉಗಿದು, ಇನ್ನೊಂದು ಬಿಸ್ಕತ್ತು ಕೊಡುತ್ತೇವೆ. ತೊಂದರೆ ಊರಲ್ಲಿಲ್ಲ. ತೊಂದರೆ ಒಂದೇ ಒಂದು ಅಡುಗೆಮನೆಯಲ್ಲಿದೆ.

ಯಾರ ಅಡುಗೆಮನೆ ಎಂದು ಅವಳು ಕೇಳಲಿಲ್ಲ. ಕೇಳದಿದ್ದರೂ ನಾನು ಹೇಳಿದೆ. ಪೊಟ್ಟಣದ ಜ್ಯೂಸು, ಚಾಕೊಲೇಟು ತುಂಬಿದ ಬನ್ನು, ಸ್ಕೂಲು ಬಿಟ್ಟ ತಕ್ಷಣ ಟೀವಿ, ಎಲ್ಲ ಹೇಳಿದೆ. ಆಮೇಲೆ ಒಂದು ಮಾತು ಸೇರಿಸಿದೆ. ಆ ಮಾತು ಕೇಳಿ ಆ ಹುಡುಗಿಯ ಪೆನ್ನು ಯಾಕೆ ನಿಂತಿತು, ಅವಳು ಯಾಕೆ ನನ್ನನ್ನೇ ಒಂದು ಗಳಿಗೆ ನೋಡಿದಳು ಎಂಬುದು ಆಗ ನನಗೆ ಹೊಳೆಯಲಿಲ್ಲ. ನನ್ನ ವಾಕ್ಚಾತುರ್ಯಕ್ಕೆ ಮರುಳಾದಳು ಎಂದುಕೊಂಡೆ!

ಬಂತು ಮೊನ್ನೆಯ ಶುಕ್ರವಾರ. ಶಾಲೆಯ ಸಭಾಂಗಣದಲ್ಲಿ ಜನವೋ ಜನ. ನೀವು ಮೊದಲ ಸಾಲಿನಲ್ಲಿ, ಎದೆಯ ಮೇಲೆ ಹೊಸ ಬ್ರೂಚು ಚುಚ್ಚಿಕೊಂಡು. ನಾನು ಮೂರನೇ ಸಾಲಿನಲ್ಲಿ, ನಿಮ್ಮ ಬ್ರೂಚು ಕಾಣುವಂತೆ. ಮಿರ್ತೊ ಎದ್ದು ನಿಂತು ನಮ್ಮೂರು ಎರಡನೇ ಮೆಟ್ಟಿಲಲ್ಲಿದೆ ಎಂದಳು. ಒಂಬತ್ತರಲ್ಲಿ ಎರಡು! ಸಭೆ ಗುಜುಗುಜು ಅಂತು. ಪುರಸಭೆಯವರು ಎದ್ದರು. ಮಕ್ಕಳ ಬಗ್ಗೆ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, 'ಅದಿರ್ಲಿ, ಪಕ್ಕದ ಕಾತೊಹೋರಿಗೆ ಎಷ್ಟು ಬಂತು?' ಎಂದು. ಐದು ಅಂದಳು. 'ಐದಾ? ಆ ಕಾತೊಹೋರಿಗಾ? ಅಲ್ಲಿ ಮೇಯರ್ರೇ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರ್ತಾರಲ್ರೀ!' ಅಂತ ಹಿಂದಿನಿಂದ ಒಬ್ಬ ಕೂಗಿದ. ಕಾಲು ಗಂಟೆ ಅದೇ ಗಲಾಟೆ. ಎರಡನೇ ಮೆಟ್ಟಿಲಲ್ಲಿ ಯಾಕಿದ್ದೇವೆ ಎಂಬುದಕ್ಕೆ ಬೇರೆ ಸಾಕ್ಷಿಯೇ ಬೇಡವಾಗಿತ್ತು.

ಮಿರ್ತೊ ಸಮಾಧಾನದಿಂದ ಕಾದಳು. ಆಮೇಲೆ ಹೇಳಿದಳು: ಈ ಊರಲ್ಲಿ ನಾನು ಮಾತಾಡಿಸಿದವರೆಲ್ಲ ತೊಂದರೆ ಇದೆ ಅಂತಾರೆ, ಆದರೆ ಅದು ತಮ್ಮ ಮನೆಯಲ್ಲಿದೆ ಅಂತ ಒಬ್ಬರೂ ಹೇಳಲಿಲ್ಲ. ಬೇಕರಿಯವರು ಶಾಲೆಯ ಕ್ಯಾಂಟೀನು ಅಂದರು, ಶಾಲೆಯವರು ಟೀವಿ ಅಂದರು. ಮನೆಗಳಲ್ಲಂತೂ ಬರೀ ಎದುರುಮನೆ. ಉದಾಹರಣೆಗೆ ಒಂದು ಮಾತು ಓದುತ್ತೇನೆ, ಇದನ್ನು ಎರಡು ಬೇರೆ ಬೇರೆ ಮನೆಗಳಲ್ಲಿ ಹೆಚ್ಚುಕಡಿಮೆ ಇದೇ ಪದಗಳಲ್ಲಿ ಕೇಳಿದೆ, ಎಂದು ಹಾಳೆ ಎತ್ತಿ ಓದಿದಳು: 'ಪಾಪ, ಆ ಮನೇಲಿ ಮಗೂಗೆ ಒಂದು ತುತ್ತೂ ಹಾಕಲ್ಲ. ಹಸ್ಕೊಂಡು ಬರುತ್ತೆ. ನಾನೂ ಹಾಕ್ದೆ ಇದ್ರೆ ಇನ್ಯಾರು ಹಾಕ್ತಾರೆ?'

ಬೀಗಿತ್ತಿಯವರೇ, ಆ ಹುಡುಗಿ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮೊದಲು ಸ್ತಾಥಿಸ್ ನಿಮ್ಮ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಒಂದೊಂದೇ ಸಾಲು ತಿರುಗಿತು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಪಾದ್ರಿಗಳೂ ಗಡ್ಡದಲ್ಲಿ ಮುಖ ಮುಚ್ಚಿಕೊಂಡರು. ನಗದೆ ಇದ್ದವಳು ಒಬ್ಬಳೇ, ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದ ನನ್ನ ಸ್ಮರಾಗ್ದಾ. ಎಣ್ಣೆ ಗಾಣದಲ್ಲಿ ಈಗ ಆಲಿವ್ ಸುಗ್ಗಿ, ಕೆಲಸದ ಏಪ್ರನ್ನಿನಲ್ಲೇ ಬಂದಿದ್ದಳು. ಅವಳು ಬೆರಳು ಮಡಚುತ್ತಾ ಏನೋ ಕೂಡಿಸುತ್ತಿದ್ದಳು. ಆ ಲೆಕ್ಕ ಏನೆಂದು ನನಗೆ ತಿಳಿಯುವ ಹೊತ್ತಿಗೆ ಅವಳು ಹೊರಟುಹೋಗಿದ್ದಳು.

ಶನಿವಾರ ಬೆಳಿಗ್ಗೆ ಅವಳು ಮಗುವನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಇದನ್ನು ನೀವು ಥೆಮಿಸ್‌ನಿಂದ ಅರ್ಧ ಕೇಳಿರುತ್ತೀರಿ. ಪೂರ್ತಿ ನನ್ನಿಂದ ಕೇಳಿ.

ಕಾಫಿ ಬೇಡ ಅಂದಳು. ಚೀಲದಿಂದ ಡಾಕ್ಟರರ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಮಗುವಿನ ಲಿವರಿನಲ್ಲಿ ಕೊಬ್ಬು ಕೂತಿದೆಯಂತೆ. ಒಂಬತ್ತು ವರ್ಷಕ್ಕೆ! ಅಕ್ಟೋಬರಿನಲ್ಲಿ ಶಾಲೆಯವರು ಪ್ರವಾದಿ ಎಲಿಯಾಸನ ಗುಡ್ಡ ಹತ್ತಿಸಿದಾಗ ನಮ್ಮ ರೂಲ ಅರ್ಧದಲ್ಲೇ ಉಸಿರು ಕಟ್ಟಿ ಕೂತುಬಿಟ್ಟಳಂತೆ, ಉಳಿದ ಮಕ್ಕಳ ಚೀಲ ಕಾಯುತ್ತಾ. ನಿನ್ನ ಮೊಮ್ಮಗಳು ಜವಾಬ್ದಾರಿ ಕಲಿತಿದ್ದಾಳೆ ಎಂದು ನನಗೆ ಆಗ ಯಾರೋ ಹೇಳಿದ್ದರು. ನಾನು ಹೆಮ್ಮೆಪಟ್ಟಿದ್ದೆ.

ಸ್ಮರಾಗ್ದಾ ಮಗುವನ್ನು ತೊಡೆಯ ಹತ್ತಿರ ನಿಲ್ಲಿಸಿಕೊಂಡು ಕೇಳಿದಳು. 'ಚಿನ್ನಾ, ಸ್ಕೂಲು ಬಿಟ್ಟ ಮೇಲೆ ಅಪ್ಪನ ಅಮ್ಮನ ಮನೇಲಿ ಊಟ ಮಾಡ್ತಿದ್ಯಾ?' ಮಗು ನನ್ನ ಮುಖ ನೋಡಿತು. ಅವರಮ್ಮ, 'ಅಜ್ಜಿ ಮುಖ ನೋಡ್ಬೇಡ, ನನ್ನ ನೋಡು' ಅಂದಳು. 'ಹೂಂ' ಅಂತು ಮಗು. 'ಆಮೇಲೆ ಇಲ್ಲಿಗೆ ಬಂದು?' 'ಹೂಂ.' 'ಪೂರ್ತಿ ಊಟಾನಾ?' 'ಹೂಂ.' 'ಮತ್ತೆ ಅಲ್ಲಿ ಏನೂ ತಿಂದಿಲ್ಲ ಅಂತ ಇಲ್ಲಿ ಯಾಕೆ ಹೇಳ್ತಿದ್ದೆ? ಇಲ್ಲಿ ಏನೂ ಕೊಟ್ಟಿಲ್ಲ ಅಂತ ಅಲ್ಲಿ ಯಾಕೆ ಹೇಳ್ತಿದ್ದೆ?'

ಮಗು ಸ್ವೆಟರಿನ ತುದಿ ಎಳೆದುಕೊಂಡಿತು. ಕೊನೆಗೆ ಹೇಳಿತು. ಅವಳ ಮಾತನ್ನು ಇದ್ದಂತೆ ಬರೆಯುತ್ತಿದ್ದೇನೆ, ನನ್ನ ಒಂದು ಅಕ್ಷರವೂ ಇಲ್ಲ: 'ಅಲ್ಲಿ ತಿಂದೆ ಅಂದ್ರೆ ಈ ಅಜ್ಜಿ, ನನ್ನದಕ್ಕಿಂತ ಚೆನ್ನಾಗಿತ್ತಾ ಅಂತ ಕೇಳುತ್ತೆ. ಇಲ್ಲಿ ತಿಂದೆ ಅಂದ್ರೆ ಆ ಅಜ್ಜಿ ಮಾತೇ ಆಡಲ್ಲ, ಪಾತ್ರೆ ಜೋರಾಗಿ ತೊಳೆಯುತ್ತೆ. ತಿಂದಿಲ್ಲ ಅಂದ್ರೆ ಇಬ್ರೂ ನಗ್ತಾರೆ.'

'ಎರಡೂ ಊಟ ಹೇಗೆ ತಿಂತಿದ್ದೆ ಬಂಗಾರಾ?' ಅಂದಳು ನನ್ನ ಮಗಳು.

'ನಿಧಾನವಾಗಿ' ಅಂತು ಮಗು.

ಅರ್ಗಿರೋ ಅವರೇ, ನಾನು ಬಾಲ್ಯದಿಂದ ದುರಂತ ನಾಟಕಗಳನ್ನು ನೋಡುತ್ತಾ ಬೆಳೆದವಳು. ರಾಜರು ಕಣ್ಣು ಕಿತ್ತುಕೊಂಡದ್ದನ್ನು ನೋಡಿದ್ದೇನೆ, ರಾಣಿಯರು ವಿಷ ಕುಡಿದದ್ದನ್ನು ನೋಡಿದ್ದೇನೆ. ಆ ಒಂದು 'ನಿಧಾನವಾಗಿ'ಯಷ್ಟು ಭಯಂಕರವಾದ ಮಾತನ್ನು ಯಾವ ರಂಗದ ಮೇಲೂ ಕೇಳಿಲ್ಲ. ಹೊರಗೆ ಯಾರೋ ಟ್ರ್ಯಾಕ್ಟರು ಓಡಿಸಿಕೊಂಡು ಹೋದರು. ಸ್ಮರಾಗ್ದಾ ಎದ್ದು, 'ಅಮ್ಮಾ, ನಿಮ್ಮಿಬ್ರ ಹೊಟ್ಟೆಕಿಚ್ಚು ಇವಳ ಹೊಟ್ಟೇಲಿ ಕೂತಿದೆ. ಶುಕ್ರವಾರದವರೆಗೆ ಟೈಮ್ ಕೊಟ್ಟಿದೀನಿ' ಎಂದಳು. ನಿಮಗೂ ಅದೇ ಹೇಳಿದಳಂತೆ. ಇದರಲ್ಲಾದರೂ ನಮಗಿಬ್ಬರಿಗೂ ಸಮನಾಗಿ ಬಡಿಸಿದ್ದಾಳೆ.

ಈಗ ಒಂದು ವಿಷಯ ಹೇಳುತ್ತೇನೆ. ಇದನ್ನು ಮಗಳಿಗೆ ಹೇಳಿಲ್ಲ, ಪಾದ್ರಿಗಳಿಗೂ ಹೇಳಿಲ್ಲ. ನಿಮಗೆ ಹೇಳುತ್ತಿರುವುದು ನೀವು ದಯೆಯುಳ್ಳವರೆಂದಲ್ಲ, ನಿಮಗೆ ಇದು ಅರ್ಥವಾಗುತ್ತದೆಂದು. ಮಗು ಬಾಗಿಲು ತೆರೆದು ಬಂದು ನನ್ನನ್ನು ತಬ್ಬಿಕೊಂಡಾಗ ಅವಳ ಸ್ವೆಟರಿನಲ್ಲಿ ನಿಮ್ಮ ಬಾಣಲೆಯ ವಾಸನೆ ಇರುತ್ತಿತ್ತು. ಒಂದು ದಿನ ನಿಂಬೆ ಹಾಕಿದ ಕೋಳಿ, ಒಂದು ದಿನ ಕರಿದ ಬದನೆಕಾಯಿ. ಅಡುಗೆ ಮಾಡುವವಳ ಮೂಗು, ಮೋಸ ಹೋಗುತ್ತದೆಯೇ? ಆದರೂ 'ಏನೂ ತಿಂದಿಲ್ಲ' ಎಂದು ಅವಳು ಹೇಳಿದಾಗ ನಾನು ನಂಬಿದೆ. ನಂಬುವುದು ಅಷ್ಟು ಸಿಹಿಯಾಗಿತ್ತು. ನಿಮ್ಮ ಮನೆಯಲ್ಲಿ ಹಸಿದ ಮಗು ನನ್ನ ಮನೆಯಲ್ಲಿ ಉಣ್ಣುತ್ತಿದೆ ಎಂದುಕೊಂಡರೆ ಆ ಹೆಸರಿನ ಉರಿಯೂ ಒಂದು ಗಳಿಗೆ ತಣ್ಣಗಾಗುತ್ತಿತ್ತು. ನಿಮ್ಮ ಮೂಗೂ ಚೆನ್ನಾಗಿಯೇ ಇದೆ ಎಂದು ನಾನು ಬಲ್ಲೆ. ಅದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ಈಗ ತೀರ್ಮಾನ. ಮೊದಲು ನನಗೆ ಹೊಳೆದದ್ದು ಒಂದು ದಿನ ನಿಮ್ಮದು, ಒಂದು ದಿನ ನನ್ನದು ಎಂದು. ನ್ಯಾಯವಾಗಿದೆ, ತಕ್ಕಡಿ ಸಮನಾಗಿದೆ. ಇವತ್ತು ಚರ್ಚಿನಲ್ಲಿ ನಿಮ್ಮ ಬೆನ್ನು ನೋಡುತ್ತಾ ಯೋಚಿಸಿದೆ (ಆಯಿತು, ನೋಡಿದೆ!). ಸೋಮವಾರ ನೀವು ಬೇಳೆ ಬೇಯಿಸುತ್ತೀರಿ. ಮಂಗಳವಾರ ನಾನು ಬೇಳೆಗೆ ಸ್ವಲ್ಪ ಸಾಸೇಜು ಹಾಕುತ್ತೇನೆ. ಬುಧವಾರ ನೀವು ಸಾಸೇಜಿನ ಜೊತೆ ಮೊಟ್ಟೆ. ಗುರುವಾರದ ಹೊತ್ತಿಗೆ ಇಬ್ಬರೂ ಮದುವೆ ಅಡುಗೆ ಮಾಡುತ್ತಿರುತ್ತೇವೆ. ನಿಮ್ಮನ್ನು ನಾನು ಬಲ್ಲೆ, ನನ್ನನ್ನು ಇನ್ನೂ ಚೆನ್ನಾಗಿ ಬಲ್ಲೆ. ಇದು ಎರಡು ಒಲೆಗಳಿಂದ ಆಗುವ ಕೆಲಸವಲ್ಲ. ಒಂದು ಒಲೆ ಆರಬೇಕು.

ಶಾಲೆಯ ಗೋಡೆಗೆ ಅಂಟಿಕೊಂಡಿರುವುದು ನಿಮ್ಮ ಮನೆ. ಒಂದೂಕಾಲಿಗೆ ಗಂಟೆ ಬಾರಿಸಿದರೆ ಮಗು ಬಿಸಿಲಿಗೂ ಮಳೆಗೂ ಸಿಗದೆ ನಿಮ್ಮ ಬಾಗಿಲಲ್ಲಿರುತ್ತದೆ. ಆದ್ದರಿಂದ

ಇಲ್ಲಿ ಪೆನ್ನು ಇಟ್ಟು ಬಟ್ಟೆ ಒಣಗಹಾಕಿ ಬಂದೆ. ಇಸ್ತ್ರಿ ಬೇಡದ ದಿಂಬಿನ ಗವುಸಿಗೂ ಇಸ್ತ್ರಿ ಹಾಕಿದೆ. ಈಗ ಬರೆಯುತ್ತೇನೆ.

ಆದ್ದರಿಂದ ಮಧ್ಯಾಹ್ನದ ಊಟ ನಿಮ್ಮದು. ವಾರದ ಐದೂ ದಿನ. ನನ್ನ ಮೇಜಿನ ಮೇಲೆ ತಟ್ಟೆ ಇರುವುದಿಲ್ಲ.

ನಾನು ಎರಡೂವರೆಗೆ ನಿಮ್ಮ ಬಾಗಿಲಿಗೆ ಬರುತ್ತೇನೆ. ಒಳಗೆ ಬರುವುದಿಲ್ಲ. ಮಗುವನ್ನು ಕರೆದುಕೊಂಡು ಗುಡ್ಡದ ದಾರಿ ಹಿಡಿಯುತ್ತೇನೆ. ಮೊದಲ ದಿನ ಮೊದಲ ಕಲ್ಲಿನ ಬೆಂಚಿನವರೆಗೆ. ಅಲ್ಲಿ ಇಬ್ಬರೂ ಕೂತು ಉಸಿರು ಬಿಡುತ್ತೇವೆ, ನನ್ನ ಮಂಡಿಯೂ ಹೊಸದೇನಲ್ಲ. ಬೇಸಿಗೆಯೊಳಗೆ ತುದಿಯಲ್ಲಿರುವ ಪ್ರವಾದಿಯ ಗುಡಿಯ ಗಂಟೆಯನ್ನು ಅವಳ ಕೈಯಲ್ಲೇ ಹೊಡೆಸುತ್ತೇನೆ. ಕಥೆ ಹೇಳುತ್ತಾ ಹತ್ತಿಸುತ್ತೇನೆ. ನನ್ನ ಹತ್ತಿರ ಸಕ್ಕರೆ ಇಲ್ಲದ ಸಾಮಾನೆಂದರೆ ಅದೊಂದೇ.

ನನ್ನ ಷರತ್ತುಗಳೂ ಇವೆ, ಇಲ್ಲದಿದ್ದರೆ ನಾನು ಪೊಲಿಕ್ಸೇನಿಯೇ ಅಲ್ಲ. ಪೊಟ್ಟಣದ ಜ್ಯೂಸು ನಿಮ್ಮ ಫ್ರಿಜ್ಜಿನಿಂದ ಹೊರಗೆ. ಕರಿದ ಆಲೂಗಡ್ಡೆ ಭಾನುವಾರ ಮಾತ್ರ, ಅದೂ ಸ್ಮರಾಗ್ದಾ ಎದುರಿಗೆ. ಮಗು ಸಾಕು ಅಂದರೆ ಸಾಕು, 'ನನ್ನ ಮೇಲೆ ಪ್ರೀತಿ ಇದ್ರೆ ಇನ್ನೊಂದು ತುತ್ತು' ಎಂಬ ಮಾತು ನಿಮ್ಮ ಬಾಯಿಂದ ಬರಕೂಡದು. ನನ್ನ ಬಾಯಿಂದ ಅದು ಎಷ್ಟು ಸಲ ಬಂದಿದೆ ಎಂದು ದೇವರೊಬ್ಬನಿಗೇ ಗೊತ್ತು. ಮತ್ತೆ ಎರಡೂವರೆಗೆ ನಾನು ಬಾಗಿಲಲ್ಲಿ ನಿಂತಾಗ ದಯವಿಟ್ಟು 'ಅರ್ಗಿರೋ, ನನ್ನ ಅರ್ಗಿರೋ' ಎಂದು ಹಾಡು ಹಾಡಿ ಕಳಿಸಬೇಡಿ. ಒಂದು ಸಲ ಕರೆದರೆ ಸಾಕು. ಮಗುವಿಗೆ ಕಿವಿ ಕೇಳಿಸುತ್ತದೆ, ನನಗೂ.

ಮಿರ್ತೊ ವಸಂತದಲ್ಲಿ ಮತ್ತೆ ಬರುತ್ತಾಳಂತೆ, ನಾವು ಮೇಲೆ ಹತ್ತಿದ್ದೇವೋ ಜಾರಿದ್ದೇವೋ ನೋಡಲು. ಅಷ್ಟರಲ್ಲಿ ಊರಿನ ಅಜ್ಜಿಯರನ್ನು ಕೂಡಿಸಿ ಯಾರಾದರೂ ಮಾತಾಡಬೇಕಂತೆ. ಅಧ್ಯಕ್ಷೆ ನೀವು, ಕೂಡಿಸಿ. ಮಾತು ನಾನು ಆಡುತ್ತೇನೆ, ಮೈಕು ಬೇಡ. ನಮ್ಮಿಬ್ಬರ ಕಥೆಯನ್ನೇ ಹೇಳುತ್ತೇನೆ, ನಗುವವರು ಹೇಗೂ ಆಗಲೇ ನಕ್ಕಾಗಿದೆ. ಊರು ಮೂರನೇ ಮೆಟ್ಟಿಲು ಹತ್ತುತ್ತದೋ ಬಿಡುತ್ತದೋ, ನಮ್ಮ ಮಗು ಆ ಗುಡ್ಡ ಹತ್ತಬೇಕು.

ಒಪ್ಪಿಗೆಯಿದ್ದರೆ ಥೆಮಿಸ್ ಹತ್ತಿರ ಒಂದು 'ಹೂಂ' ಹೇಳಿ ಕಳಿಸಿ. ಒಪ್ಪಿಗೆಯಿಲ್ಲದಿದ್ದರೂ ನಾನು ಎರಡೂವರೆಗೆ ಬರುತ್ತೇನೆ.

ಇನ್ನೂ ಉರಿಯುತ್ತಲೇ ಇರುವ, ಆದರೂ ಒಲೆ ಆರಿಸಿದ,
ನಿಮ್ಮ ಬೀಗಿತ್ತಿ,
ಪೊಲಿಕ್ಸೇನಿ

ಮತ್ತೆ ಸೇರಿಸಿದ್ದು: ಸೋಮವಾರ, ಮಧ್ಯಾಹ್ನ ಮೂರು ಗಂಟೆ. ಥೆಮಿಸ್ ಇನ್ನೂ ಬಂದಿಲ್ಲ, ಕಾಗದ ಇ‌ಲ್ಲೇ ಇದೆ. ಮಗು ಎಂದಿನಂತೆ ನಿಮ್ಮಲ್ಲಿಂದ ಬಂತು. ಖಾಲಿ ಮೇಜು ನೋಡಿ ಬಾಗಿಲಲ್ಲೇ ನಿಂತಿತು. ಕೇಳುವುದಿಲ್ಲ ಎಂದು ಶಪಥ ಮಾಡಿದ್ದೆ, ಆದರೂ ಬಾಯಿ ತಪ್ಪಿ 'ಏನು ತಿಂದೆ?' ಎಂದುಬಿಟ್ಟೆ. ಅವಳು ನನ್ನ ಮುಖವನ್ನು ನೋಡಿದಳು, ನದಿಗೆ ಕಾಲಿಡುವ ಮೊದಲು ನೀರು ನೋಡುವ ಹಾಗೆ. ಆಮೇಲೆ ಹೇಳಿದಳು: 'ಬಿಳಿ ಬೀನ್ಸ್ ಸಾರು. ತುಂಬಾ ಚೆನ್ನಾಗಿತ್ತು ಅಜ್ಜಿ. ನಿನ್ನದಕ್ಕಿಂತ. ಕಿತ್ತಳೆ ಸಿಪ್ಪೆ ಹಾಕಿದ್ರು.' ಹೇಳಿ ಮುಗಿಸಿ ಕಣ್ಣು ಮಿಟುಕಿಸದೆ ಕಾದಳು. ನನ್ನ ಮುಖದ ಒಂದೊಂದು ನರವನ್ನೂ ಕೈಯಲ್ಲಿ ಹಿಡಿದುಕೊಂಡೆ. 'ಹೌದಾ? ಹಾಗಾದ್ರೆ ಕಲೀಬೇಕು' ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚೀಲ ಬಿಸಾಡಿ, ಹೊಟ್ಟೆ ತುಂಬಿದೆ ಎಂದು ಕೂಗುತ್ತಾ ಅಂಗಳಕ್ಕೆ ಓಡಿದಳು. ಒಂಬತ್ತು ವರ್ಷದಲ್ಲಿ ಆ ಮಗು ನನ್ನ ಮನೆಯಲ್ಲಿ ಹೊಟ್ಟೆ ತುಂಬಿದೆ ಎಂದದ್ದು ಇದೇ ಮೊದಲು.

ಬೀನ್ಸಿಗೆ ಕಿತ್ತಳೆ ಸಿಪ್ಪೆಯೇ? ಯಾವಾಗ ಹಾಕುತ್ತೀರಿ, ಮೊದಲೋ ಕೊನೆಗೋ? ರೂಲಳ ಕೈಯಲ್ಲಿ ಹೇಳಿ ಕಳಿಸಬೇಡಿ. ಬಂದು ಹೇಳಿ.